ಕೆಂಪು ಗುರುತಿನ ಪ್ಲೇಟುಗಳು

ಅಕ್ಕ ಮಾಡಿದರೆ ಆಗುತ್ತಿತ್ತು, ನಾನು ಮಾಡಿದರೆ ಆಗುತ್ತಿರಲಿಲ್ಲ. ಅದೇ ಬ್ಯಾಕ್ಟೀರಿಯಾ, ಅದೇ ಮದ್ದು, ಅದೇ ಇನ್‌ಕ್ಯುಬೇಟರ್, ಅದೇ ಮೂವತ್ತೇಳು ಡಿಗ್ರಿ. ಅವರು ಮಾಡಿದ ಪ್ಲೇಟು ಲೋಟ ನೀರಿಗೆ ಒಂದು ಹನಿ ಶಾಯಿ ಬಿದ್ದಷ್ಟು ತೆಳುವಾಗಿ ಬರುತ್ತಿತ್ತು. ನನ್ನದು ಕಳಿತ ನೇರಳೆ ಹಣ್ಣಿನ ಬಣ್ಣ. ಸೂಕ್ಷ್ಮಾಣುಗಳ ಮೇಲೆ ಡಾಕ್ಟರೇಟ್ ಮಾಡಿದವಳು ನಾನು. ನಾವೆಲ್ಲ ಅಕ್ಕ ಎಂದು ಕರೆಯುವ ಅವರು ಪಿಯುಸಿ ಮುಗಿಸಿ, ಮಕ್ಕಳು ದೊಡ್ಡವರಾದ ಮೇಲೆ ನಮ್ಮ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದವರು. ಈ ಕೆಲಸ ಅವರಿಗೆ ಕಲಿಸಿದ್ದೂ ನಾನೇ. ಮೊದಲ ಎರಡು ಸಲ ನಕ್ಕು ಸುಮ್ಮನಾದೆ. ಮೂರನೆಯ ಸಲ ನಗು ಬರಲಿಲ್ಲ.

ನಮ್ಮ ಪ್ರಯೋಗಾಲಯ ಇರುವುದು ಜಿಗಣಿ ಕೈಗಾರಿಕಾ ಪ್ರದೇಶದ ಒಂದು ಒಳರಸ್ತೆಯಲ್ಲಿ. ಒಂದು ಪಕ್ಕ ಗ್ರಾನೈಟ್ ಪಾಲಿಶ್ ಮಾಡುವ ಘಟಕ, ಇನ್ನೊಂದು ಪಕ್ಕ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ನಡುವೆ ನಾವು, ಬಯೋಫಿಲ್ಮ್ ಇಟ್ಟುಕೊಂಡು. ಕುಡಿಯುವ ನೀರಿನ ಕ್ಯಾನನ್ನು ತಿಂಗಳುಗಟ್ಟಲೆ ತೊಳೆಯದೆ ಬಿಟ್ಟು ಒಳಗೆ ಬೆರಳಾಡಿಸಿದರೆ ಜಾರುವ ಲೋಳೆಯೊಂದು ಸಿಗುತ್ತದಲ್ಲ, ಅದೇ ಬಯೋಫಿಲ್ಮ್. ಒಂಟಿಯಾಗಿ ಈಜಾಡಿಕೊಂಡಿದ್ದ ಬ್ಯಾಕ್ಟೀರಿಯಾಗಳು ಗುಂಪು ಕಟ್ಟಿ ಎಲ್ಲಾದರೂ ಅಂಟಿಕೊಂಡು, ಮೈತುಂಬ ಲೋಳೆ ಹೊದ್ದು ಕೂರುತ್ತವೆ. ಹಾಗೆ ಕೂತ ಮೇಲೆ ಆಂಟಿಬಯಾಟಿಕ್‌ಗಳಿಗೆ ಕ್ಯಾರೇ ಅನ್ನುವುದಿಲ್ಲ. ನೀರಿನ ಕ್ಯಾನಿನಲ್ಲಿ ಕೂತರೆ ತಿಕ್ಕಿ ತೆಗೆಯಬಹುದು. ಡಯಾಲಿಸಿಸ್ ರೋಗಿಯ ಕತ್ತಿನಲ್ಲಿ ಹಾಕಿದ ಕೊಳವೆಯೊಳಗೆ ಕೂತರೆ ತಿಕ್ಕುವುದು ಹೇಗೆ? ಕೊಳವೆಯನ್ನೇ ಕಿತ್ತು ಹೊಸದನ್ನು ಹಾಕಬೇಕು. ಕೀಳದೆಯೇ ಆ ಲೋಳೆ ತೆಗೆಯಬಲ್ಲ ಮದ್ದೊಂದನ್ನು ನಾವು ಪರೀಕ್ಷಿಸುತ್ತಿದ್ದೆವು.

ಹಾಗೆ ಕಿತ್ತ ಕೊಳವೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ನಮಗೆ ಕಳಿಸುತ್ತಿದ್ದವರು ಹತ್ತಿರದ ಡಯಾಲಿಸಿಸ್ ಕೇಂದ್ರವೊಂದರ ಡಾಕ್ಟರು. ನಮ್ಮ ಬ್ಯಾಕ್ಟೀರಿಯಾಗಳು ಬಂದದ್ದು ಅಲ್ಲಿಂದಲೇ. ಅವರು ಫೋನ್ ಮಾಡಿದಾಗಲೆಲ್ಲ ಒಬ್ಬ ರೋಗಿಯ ಮಾತು ಬರುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ ಮನುಷ್ಯ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳದಲ್ಲಿ ಮಾಡಿದ್ದ ದಾರಿ ಎರಡು ಸಲ ಮುಚ್ಚಿಕೊಂಡಿತ್ತು, ಉಳಿದಿದ್ದು ಕತ್ತಿನ ಕೊಳವೆ.

"ಬಲಗಡೆ ಕತ್ತು ಮುಗೀತು ಮೇಡಂ, ಈಗ ಎಡಗಡೆ ನಡೀತಿದೆ. ಇದೂ ಹೋದ್ರೆ ಆಮೇಲೆ ಎಲ್ಲಿ ಹಾಕ್ಲಿ ಹೇಳಿ? ನಿಮ್ಮ ಮದ್ದು ಕೆಲ್ಸ ಮಾಡುತ್ತೋ ಇಲ್ವೋ?"

ಮದ್ದು ಆ ಮನುಷ್ಯನಿಗೆ ಸಕಾಲಕ್ಕೆ ತಲುಪುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೊದಲು ಪ್ರಾಣಿಗಳು, ಆಮೇಲೆ ಅನುಮತಿಗಳು, ಅದಾದ ಮೇಲೆ ರೋಗಿಗಳು. ಆದರೆ ಮೊದಲ ಹೆಜ್ಜೆ ಇಡಬೇಕೋ ಬೇಡವೋ ಎಂಬುದು ನನ್ನ ಬಾಯಲ್ಲಿತ್ತು. ತಿಂಗಳ ಕೊನೆಯ ಸೋಮವಾರ ನಮ್ಮ ಮುಖ್ಯಸ್ಥರ ಮುಂದೆ ನಾನು ಹೂಂ ಎನ್ನಬೇಕು ಅಥವಾ ಉಹೂಂ ಎನ್ನಬೇಕು. ಹೂಂ ಎಂದರೆ ಮದ್ದು ಮುಂದಕ್ಕೆ ಹೋಗುತ್ತದೆ. ಉಹೂಂ ಎಂದರೆ ನಮ್ಮ ಕೆಲಸ ಅಲ್ಲಿಗೆ ಮುಗಿದು, ಕೋಣೆ ಬೇರೆ ತಂಡಕ್ಕೆ ಹೋಗುತ್ತದೆ. ನನ್ನ ಹತ್ತಿರ ಎರಡೂ ಇದ್ದವು. ಅಕ್ಕನ ಪ್ಲೇಟುಗಳು ಹೂಂ ಅನ್ನುತ್ತಿದ್ದವು, ನನ್ನವು ಉಹೂಂ.

ಕೆಲಸದ ಕ್ರಮವನ್ನು ಇಲ್ಲಿ ಹೇಳಿಬಿಡಬೇಕು. ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು. ಒಂದೊಂದು ಗುಳಿಗೂ ಬ್ಯಾಕ್ಟೀರಿಯಾ ಇರುವ ದ್ರವ ಹಾಕಿ ಒಂದು ದಿನ ಬೆಚ್ಚಗೆ ಇಟ್ಟರೆ ತಳದಲ್ಲಿ ಲೋಳೆ ಕಟ್ಟುತ್ತದೆ. ದ್ರವ ಚೆಲ್ಲಿ ಮದ್ದು ಹಾಕಿ ನಾಲ್ಕು ಗಂಟೆ ಬಿಡಬೇಕು. ಆಮೇಲೆ ಮದ್ದು ಚೆಲ್ಲಿ, ಪ್ಲೇಟನ್ನು ನೀರಿನ ಟಬ್ಬಿನಲ್ಲಿ ಅದ್ದಿ ತೊಳೆದು, ಪೇಪರಿನ ಮೇಲೆ ಬೋರಲು ಹಾಕಿ ತಟ್ಟಬೇಕು. ಕೊನೆಗೆ ನೇರಳೆ ಬಣ್ಣ. ಲೋಳೆ ಎಷ್ಟು ಉಳಿದಿದೆಯೋ ಅಷ್ಟು ಬಣ್ಣ ಹಿಡಿಯುತ್ತದೆ, ಯಂತ್ರ ಆ ಬಣ್ಣವನ್ನು ಅಳೆದು ಅಂಕಿ ಕೊಡುತ್ತದೆ.

ನಮ್ಮ ಮದ್ದಿಗೆ ಒಂದು ಕೆಟ್ಟ ಚಾಳಿ ಇತ್ತು. ಅದು ಘಾಟು ವಾಸನೆಯದು, ಆವಿಯಾಗಿ ಪಕ್ಕದ ಗುಳಿಗಳಿಗೂ ಇಣುಕುತ್ತಿತ್ತು. ಅದಕ್ಕೇ ನಾನು ಶುರುವಿನಲ್ಲೇ ಒಂದು ನಿಯಮ ಮಾಡಿದ್ದೆ: ಮದ್ದಿನ ಪ್ಲೇಟು ಬೇರೆ, ಮದ್ದಿಲ್ಲದ ಪ್ಲೇಟು ಬೇರೆ. ಮದ್ದಿನದಕ್ಕೆ ಮೂಲೆಯಲ್ಲಿ ಕೆಂಪು ಗುರುತು. "ಇದು ಕೈಗೆ ತಾಗಬಾರದು ಅಕ್ಕ, ಹುಷಾರು" ಎಂದು ಅವರಿಗೆ ಹೇಳಿದ್ದೂ ನೆನಪಿದೆ. ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತ್ತು ಎಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು.

ಮೊದಲು ನಾನು ಅನುಮಾನಪಟ್ಟದ್ದು ಗ್ರಾನೈಟ್ ಘಟಕವನ್ನು. ಅಲ್ಲಿ ಯಂತ್ರ ತಿರುಗುವಾಗ ನಮ್ಮ ಗೋಡೆ ಸಣ್ಣಗೆ ನಡುಗುತ್ತದೆ. ನಡುಕಕ್ಕೆ ಲೋಳೆ ಕಳಚುತ್ತಿರಬಹುದು ಎಂದುಕೊಂಡು ಇನ್‌ಕ್ಯುಬೇಟರ್ ಮೇಲೆ ಸ್ಟೀಲ್ ಬಟ್ಟಲಿನಲ್ಲಿ ನೀರಿಟ್ಟು, ಅಲೆ ಏಳುತ್ತದೆಯೇ ಎಂದು ಎರಡು ದಿನ ನೋಡುತ್ತಾ ಕೂತೆ. ಅಲೆ ಏಳುತ್ತಿತ್ತು. ಆದರೆ ಅಕ್ಕನ ಪ್ಲೇಟೂ ನನ್ನ ಪ್ಲೇಟೂ ಅದೇ ಇನ್‌ಕ್ಯುಬೇಟರಿನ ಅದೇ ಹಲಗೆಯ ಮೇಲಿದ್ದವು. ಬಟ್ಟಲು ಇಳಿಸಿಟ್ಟೆ.

ಆಮೇಲೆ ನೀರು. ಆಮೇಲೆ ಬಣ್ಣದ ಬಾಟಲಿ. ಆಮೇಲೆ ದ್ರವ ಅಳೆದು ಹಾಕುವ ಪಿಪೆಟ್ಟುಗಳು. ಯಂತ್ರಗಳನ್ನು ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರಿದ್ದರು, ದಿನಾ ಊರಿನ ಆ ತುದಿಯ ಚಿಕ್ಕಬಾಣಾವರದಿಂದ ಈ ತುದಿಗೆ ಬರುವವರು. ಅವರಿಂದ ಎಲ್ಲ ಪಿಪೆಟ್ಟುಗಳನ್ನೂ ತೂಕ ಹಾಕಿಸಿ ಪರೀಕ್ಷೆ ಮಾಡಿಸಿದೆ. ಎಲ್ಲವೂ ಸರಿಯಾಗಿದ್ದವು. ಅವರು ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಮಿಷಿನ್‌ಗಳದ್ದೇನೂ ತಪ್ಪಿಲ್ಲ. ಅಕ್ಕನ ಕೈಗುಣ ಕಣ್ರೀ, ಒಪ್ಕೊಂಡ್ಬಿಡಿ" ಎಂದರು.

ಕೈಗುಣ! ಕೆಲವರು ನೆಟ್ಟರೆ ಗಿಡ ಬರುತ್ತದೆ, ಕೆಲವು ಡಾಕ್ಟರು ಮುಟ್ಟಿದರೆ ಜ್ವರ ಇಳಿಯುತ್ತದೆ, ಕೆಲವರು ಹಾಕಿದ ಉಪ್ಪಿನಕಾಯಿ ಕೆಡುವುದಿಲ್ಲ. ನನ್ನಮ್ಮನೂ ಇದನ್ನು ನಂಬಿದ್ದವಳು, ನಾನೂ ಮನೆಯಲ್ಲಿ ಹಾಗೆ ಮಾತಾಡುವವಳೇ. ಆದರೆ ವರದಿಯಲ್ಲಿ ಕೈಗುಣ ಎಂದು ಬರೆಯುವುದಕ್ಕಾಗುತ್ತದೆಯೇ? ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಹೇಳುವುದಿಲ್ಲ.

ಒಂದು ದಿನ ಅಕ್ಕನ ಪಕ್ಕದಲ್ಲೇ ನಿಂತು, ಅವರು ಮಾಡುವ ಪ್ರತಿಯೊಂದನ್ನೂ ಬರೆದುಕೊಂಡೆ. ನನ್ನ ಪ್ಲೇಟು ಮೊದಲು ನಾನು ತೊಳೆದೆ, ಅವರದನ್ನು ಅವರು ತೊಳೆದರು. ಎಲ್ಲ ನಾನು ಹೇಳಿಕೊಟ್ಟ ಹಾಗೇ ಇತ್ತು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಧ್ಯಾಹ್ನ ಯಂತ್ರದಲ್ಲಿಟ್ಟು ನೋಡಿದರೆ ಅವತ್ತು ಅಕ್ಕನ ಪ್ಲೇಟೂ ಕಡು ನೇರಳೆ! ಮದ್ದು ಕೆಲಸ ಮಾಡಿರಲಿಲ್ಲ. ಮರುದಿನ ನಾನು ಬೇರೆ ಕೋಣೆಯಲ್ಲಿದ್ದೆ, ಪ್ಲೇಟು ಮತ್ತೆ ತೆಳುವಾಗಿ ಬಂತು.

"ನಿಮ್ದೇ ದೃಷ್ಟಿ ತಾಕಿರ್ಬೇಕು ಮೇಡಂ" ಎಂದು ಸಹೋದ್ಯೋಗಿ ನಕ್ಕರು. ಅಕ್ಕ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ನೋಡುತ್ತಿದ್ದರೆ ಆಗುವುದಿಲ್ಲ, ನೋಡದಿದ್ದರೆ ಆಗುತ್ತದೆ ಎಂದರೆ ಏನರ್ಥ? ಆಗ ಬರಬಾರದ ಯೋಚನೆಯೊಂದು ಬಂತು. ಅಕ್ಕ ಅಂಕಿಗಳನ್ನು ತಿದ್ದುತ್ತಿದ್ದಾರೆಯೇ? ಮೇಡಂಗೆ ಖುಷಿಯಾಗಲಿ, ಕೆಲಸ ಉಳಿಯಲಿ ಎಂದು? ಅವರು ಊಟಕ್ಕೆ ಹೋಗಿದ್ದಾಗ ಯಂತ್ರದೊಳಗೆ ಉಳಿದಿದ್ದ ಹಳೆಯ ಅಂಕಿಗಳನ್ನೆಲ್ಲ ತೆಗೆದು ಅವರ ನೋಟ್‌ಬುಕ್ಕಿನ ಜೊತೆ ಹೋಲಿಸಿದೆ. ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಅಕ್ಕ ವಾಪಸ್ ಬಂದು ಡಬ್ಬಿಯಲ್ಲಿ ನನಗೆಂದು ಉಳಿಸಿದ್ದ ಅವರೆಕಾಳು ಉಪ್ಪಿಟ್ಟು ಮುಂದಿಟ್ಟರು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮುಖ್ಯಸ್ಥರಿಗೆ ಈ ಗೊಂದಲ ಹೇಳಿದಾಗ ಅವರು ಅದನ್ನು ಗೊಂದಲ ಎಂದೇ ತೆಗೆದುಕೊಳ್ಳಲಿಲ್ಲ. "ಅವ್ರ ಕೈಲಿ ಚೆನ್ನಾಗಿ ಬರ್ತಿದೆ ಅಂದ್ರೆ ಅವ್ರ ಕೈಲೇ ಮಾಡ್ಸಿ. ನೀವು ಮ್ಯಾನೇಜರ್ರು, ಪ್ಲೇಟು ಯಾಕೆ ತೊಳೀತೀರಾ? ಸೋಮವಾರ ಅವ್ರ ರಿಸಲ್ಟ್ ತೋರ್ಸಿ, ಮುಂದಕ್ಕೆ ಹೋಗೋಣ."

ಒಂದು ಇಡೀ ದಿನ ಆ ಮಾತು ನನಗೆ ಸರಿಯೆಂದೇ ಕಂಡಿತು. ನನ್ನ ಕೈ ಒರಟು, ಅಭ್ಯಾಸ ತಪ್ಪಿದೆ, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಅಕ್ಕನ ಅಂಕಿಗಳನ್ನು ಹಾಕಿ ಗ್ರಾಫ್ ಚಿತ್ರಗಳನ್ನೂ ಬರೆದಿಟ್ಟೆ. ಎಷ್ಟು ಚೆಂದ ಕಾಣುತ್ತಿದ್ದವು! ಆದರೆ ಕತ್ತಿನ ಎಡಗಡೆ ಕೊಳವೆ ಹಾಕಿಸಿಕೊಂಡ ಆ ಚಾಲಕ ತಲೆಯಿಂದ ಹೋಗಲಿಲ್ಲ. ಇಂಥವರಿಗೆ ಮದ್ದು ಹಾಕುವವರು ಅಕ್ಕ ಅಲ್ಲ, ಯಾರೋ ಒಬ್ಬ ನರ್ಸ್. ಅವರ ಕೈಗುಣ ನನ್ನಂಥದ್ದಾದರೆ?

ಕೊನೆಗೆ ನಿರ್ಧಾರ ಮಾಡಿದೆ. ಕೆಂಪು ಗುರುತು ತೆಗೆದುಬಿಡುವುದು. ಯಾವುದರಲ್ಲಿ ಮದ್ದಿದೆ ಎಂದು ನನಗೂ ಗೊತ್ತಿರಬಾರದು, ಅಕ್ಕನಿಗೂ ಗೊತ್ತಿರಬಾರದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಎಂದು ಯಾವ ವಿದ್ಯಾರ್ಥಿಯಾದರೂ ಹೇಳಿಯಾನು. ಕೆಲಸ ಜಾಸ್ತಿಯಾಗುತ್ತದೆ ಎಂದು ನಾನು ಮಾಡಿರಲಿಲ್ಲ. ಮದ್ದು ಹಾಕುವುದು, ಚೆಲ್ಲುವುದು, ವಾಸನೆ ಹೋಗುವವರೆಗೆ ಗಾಳಿ ಎಳೆಯುವ ಕಪಾಟಿನಲ್ಲಿ ಇಡುವುದು, ಎಲ್ಲ ಸಹೋದ್ಯೋಗಿಯ ಪಾಲಿಗೆ ಬಂತು. ಪ್ಲೇಟುಗಳ ಮೇಲೆ ಬರೀ ಸಂಖ್ಯೆ. ಸಂಖ್ಯೆಗಳ ಅರ್ಥ ಅವರ ಜೇಬಿನಲ್ಲಿ.

ಎಂಟು ಪ್ಲೇಟು ತಂದು ಟಬ್ಬಿನ ಪಕ್ಕ ಜೋಡಿಸಿದರು. ನಾಲ್ಕು ನನಗೆ, ನಾಲ್ಕು ಅಕ್ಕನಿಗೆ. ಅಕ್ಕ ಕೈಗವಸು ಹಾಕಿಕೊಂಡು ಒಂದು ಪ್ಲೇಟು ಎತ್ತಿದರು, ತಿರುಗಿಸಿ ನೋಡಿದರು, ಕೆಳಗಿಟ್ಟರು. ಇನ್ನೊಂದನ್ನು ಎತ್ತಿದರು, ಅದನ್ನೂ ಕೆಳಗಿಟ್ಟರು.

"ಮೇಡಂ, ಇದ್ರಲ್ಲಿ ಕೆಂಪು ಗುರುತಿಂದು ಯಾವ್ದು?"

"ಅದು ಗೊತ್ತಾಗಬಾರದು ಅಂತಾನೇ ಹೀಗೆ ಮಾಡಿರೋದು ಅಕ್ಕ. ನಿಮಗ್ಯಾಕೆ ಅದು?"

"ಯಾಕೆ ಅಂದ್ರೆ? ಎಷ್ಟು ಸಲ ತೊಳೀಬೇಕು ಅಂತ ಗೊತ್ತಾಗ್ಬೇಕಲ್ವಾ?"

ನಾನು ಟಬ್ಬಿನ ಅಂಚು ಹಿಡಿದುಕೊಂಡೆ. "ಎಷ್ಟು ಸಲ ತೊಳೀತೀರಾ?"

"ಬರೀದು ಒಂದ್ ಸಲ. ಕೆಂಪು ಗುರುತಿಂದು ಮೂರ್ ಸಲ, ಮೂರ್ ಸಲಾನೂ ನೀರು ಬದ್ಲಾಯ್ಸಿ. ಘಾಟು ಇರೋದಲ್ವಾ? ನಮ್ಮನೇಲಿ ರೋಜಾ ತೋಟ ಇತ್ತಲ್ಲ ಮೇಡಂ, ಇಲ್ಲೇ ಈ ಕಾಂಪೌಂಡಿನ ಇಂದ್ಗಡೆ. ಊವಿಗೆ ಔಸ್ದಿ ಒಡೆದ ಮೇಲೆ ಡ್ರಮ್ಮು, ಪಂಪು, ಎಲ್ಲಾನೂ ಮೂರ್ ನೀರಲ್ಲಿ ಜಾಲಾಡ್ಬೇಕು. ನಮ್ಮಪ್ಪ ಏಳ್ಕೊಟ್ಟಿದ್ದು. ಒಂದ್ ನೀರು ಕಮ್ಮಿ ಆದ್ರೂ ಬೈಯ್ಯೋರು."

"ನಾನು ಪಕ್ಕದಲ್ಲಿ ನಿಂತಿದ್ದ ದಿನ ಹಾಗೆ ಮಾಡ್ಲಿಲ್ವಲ್ಲ?"

"ಅವತ್ತು ನೀವು ಒಂದೇ ಸಲ ಅದ್ದಿ ಎತ್ತಿದ್ರಿ. ನಿಮ್ಮುಂದೆ ನಾನು ಮೂರ್ ಸಲ ತೊಳುದ್ರೆ, ಇವಳೇನು ನನಗೇ ಕಲ್ಸೋಕೆ ಬರ್ತಾಳೆ ಅಂದ್ಕೊತೀರಾ ಅಂತ ನಿಮ್ಮ ಥರಾನೇ ಮಾಡ್ದೆ."

ನಾನು ಕಿರುಚಿಬಿಟ್ಟೆ. ಎರಡು ವರ್ಷದ ಕೆಲಸ ಹೋಯಿತು, ಯಾರನ್ನು ಕೇಳಿ ಹಾಗೆ ಮಾಡಿದಿರಿ, ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇ ಎಂದು ಏನೇನೋ ಅಂದೆ. ಮದ್ದಿನ ಪ್ಲೇಟನ್ನು ಮೂರು ಸಲ ತೊಳೆದು, ಮದ್ದಿಲ್ಲದ್ದನ್ನು ಒಂದೇ ಸಲ ತೊಳೆದರೆ ಯಾವುದು ತೆಳುವಾಗಿ ಬರುತ್ತದೆ ಎಂದು ಹೇಳಲು ಡಾಕ್ಟರೇಟ್ ಬೇಕಿಲ್ಲ. ಅಕ್ಕ ಕೈಗವಸು ಬಿಚ್ಚಲಿಲ್ಲ, ಅಳಲೂ ಇಲ್ಲ. ಗೋಡೆಗೆ ಅಂಟಿಸಿದ್ದ ಕೆಲಸದ ಕ್ರಮದ ಹಾಳೆಯತ್ತ ನೋಡಿದರು, ಅಷ್ಟೆ. ನಾನೂ ನೋಡಿದೆ. ಐದನೆಯ ಸಾಲು, ನನ್ನದೇ ಅಕ್ಷರ: "ಪ್ಲೇಟನ್ನು ಚೆನ್ನಾಗಿ ತೊಳೆಯಿರಿ."

ಎಷ್ಟು ಸಲ ಎಂದು ನಾನು ಬರೆದಿರಲಿಲ್ಲ. ಬಣ್ಣ ಎಷ್ಟು ಹನಿ, ಎಷ್ಟು ನಿಮಿಷ, ಎಷ್ಟು ಡಿಗ್ರಿ, ಎಲ್ಲ ಇತ್ತು. ತೊಳೆಯುವುದು ಮಾತ್ರ ಚೆನ್ನಾಗಿ. ನನ್ನ ಚೆನ್ನಾಗಿಗೂ ಅಕ್ಕನ ಚೆನ್ನಾಗಿಗೂ ಎರಡು ನೀರಿನ ವ್ಯತ್ಯಾಸ. ಅವರ ಹತ್ತಿರ ಹೋಗಿ, "ತಪ್ಪು ನನ್ನದು ಅಕ್ಕ" ಎಂದೆ. ಅವರು, "ಇರ್ಲಿ ಬಿಡಿ ಮೇಡಂ. ಈಗ ಈ ಎಂಟನ್ನ ಏನ್ ಮಾಡೋಣ?" ಎಂದರು.

ಎಂಟು ಪ್ಲೇಟುಗಳು ಹಾಗೇ ಕೂತಿದ್ದವು. ಎಸೆಯಲು ಮನಸ್ಸಾಗಲಿಲ್ಲ. ಯಾವುದರಲ್ಲಿ ಮದ್ದಿದೆ ಎಂದು ಗೊತ್ತಿಲ್ಲದಿದ್ದರೂ, ತೊಳೆಯುವುದನ್ನಾದರೂ ನೇರ ಮಾಡೋಣ ಎಂದು ನನ್ನ ನಾಲ್ಕನ್ನು ಒಂದೊಂದು ಸಲ ತೊಳೆದೆ, ಅಕ್ಕ ತಮ್ಮ ನಾಲ್ಕನ್ನೂ ಮೂರು ಮೂರು ಸಲ ತೊಳೆದರು. ಬಣ್ಣ ಹಾಕಿ ಅಳೆದ ಮೇಲೆ ಸಹೋದ್ಯೋಗಿ ಜೇಬಿನ ಚೀಟಿ ತೆಗೆದರು.

ನನ್ನ ನಾಲ್ಕೂ ಕಡು ನೇರಳೆ, ಮದ್ದಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅಕ್ಕನ ನಾಲ್ಕರಲ್ಲಿ ಮದ್ದಿಲ್ಲದ ಎರಡು ಸ್ವಲ್ಪ ಮಾತ್ರ ತಿಳಿಯಾಗಿದ್ದವು. ಮದ್ದು ಹಾಕಿದ ಎರಡು ತೆಳು, ನಿಜಕ್ಕೂ ತೆಳು.

ಮೂವರೂ ಚೀಟಿಯನ್ನು ಅಂಕಿಗಳ ಜೊತೆ ಮತ್ತೊಮ್ಮೆ ತಾಳೆ ನೋಡಿದೆವು. ನನಗಂತೂ ತಲೆ ಕೆಟ್ಟುಹೋಯಿತು. ಬೆಳಿಗ್ಗೆಯಷ್ಟೇ ಮದ್ದು ಸುಳ್ಳು ಎಂದು ಒಪ್ಪಿಕೊಂಡಿದ್ದೆ, ಈಗ ಅದು ಸುಳ್ಳಲ್ಲ ಎನ್ನುತ್ತಿತ್ತು. ಮೂರು ಸಲ ಮತ್ತೆ ಮಾಡಿದೆವು. ಒಮ್ಮೆ ಒಂದು ಪ್ಲೇಟು ತನ್ನಿಷ್ಟಕ್ಕೆ ಬಂತು, ಅದು ಯಾಕೆಂದು ಇವತ್ತಿಗೂ ತಿಳಿದಿಲ್ಲ. ಉಳಿದವು ಅದೇ ಹೇಳಿದವು. ಮದ್ದು ಲೋಳೆಯನ್ನು ಕರಗಿಸುವುದಿಲ್ಲ, ಅದರ ಹಿಡಿತ ಸಡಿಲಿಸುತ್ತದೆ. ಸಡಿಲವಾದದ್ದು ಒಂದು ನೀರಿಗೆ ಬರುವುದಿಲ್ಲ, ಮೂರು ನೀರಿಗೆ ಬರುತ್ತದೆ. ಅಕ್ಕನ ಅಪ್ಪ ರೋಜಾ ತೋಟದಲ್ಲಿ ಮಾಡಿದ ನಿಯಮ ಇಲ್ಲದಿದ್ದರೆ ನಾನು ಈ ಮದ್ದನ್ನು ಎಂದೋ ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಆ ಶುಕ್ರವಾರ ನಾನು ಕುಣಿದಾಡುವುದೊಂದು ಬಾಕಿ. ಸೋಮವಾರಕ್ಕೆ ಹೂಂ ಸಿಕ್ಕಿತ್ತು. ಕೊಳವೆಗೆ ಮದ್ದು ತುಂಬಿಸಿ, ಆಮೇಲೆ ಮೂರು ಸಲ ನೀರು ಹಾಯಿಸಿದರೆ ಆಯಿತು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಅಕ್ಕ ಟಬ್ಬು ಒರೆಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

"ತೊಳೆದ ನೀರು ಎಲ್ಲಿಗೆ ಓಗುತ್ತೆ ಮೇಡಂ?"

"ಎಲ್ಲಿಗೆ ಅಂದ್ರೆ?"

"ಅಲ್ಲ, ನಾವು ಡ್ರಮ್ಮು ತೊಳೆದ ನೀರ್ನ ಬಾವಿ ತಾವ ಚೆಲ್ತಿರ್ಲಿಲ್ಲ, ದನ ಕುಡ್ಯೋ ತೊಟ್ಟಿ ತಾವ ಚೆಲ್ತಿರ್ಲಿಲ್ಲ. ಇಲ್ಲಿ ಸಿಂಕಿಗೆ ಓಗುತ್ತೆ. ಪೇಷಂಟ್ ಕತ್ತಲ್ಲಿ ತೊಳುದ್ರೆ ಎಲ್ಲಿಗೆ ಓಗುತ್ತೆ?"

ನನ್ನ ಕೈಯಲ್ಲಿದ್ದ ಪೆನ್ನು ಬೋರ್ಡಿನ ಮೇಲೆ ಅಲ್ಲೇ ನಿಂತಿತು. ಕತ್ತಿನ ಆ ಕೊಳವೆಯ ತುದಿ ಇರುವುದು ಹೃದಯದ ಬಾಗಿಲಲ್ಲಿ. ತೊಳೆದದ್ದೆಲ್ಲ ನೇರ ಅಲ್ಲಿಗೆ.

ತೊಳೆದ ನೀರಿಗೆ ಬ್ಲೀಚ್ ಸುರಿದು ಚೆಲ್ಲುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಅದರೊಳಗೆ ಏನಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ಪ್ಲೇಟಿನಲ್ಲಿ ಉಳಿದದ್ದನ್ನು ಅಳೆಯುತ್ತಿದ್ದೆವು, ಹೋದದ್ದು ಹೋಯಿತು ಎಂದುಕೊಂಡಿದ್ದೆವು. ಲೋಳೆ ಕಟ್ಟಿದ ಪ್ಲೇಟುಗಳು ಇನ್‌ಕ್ಯುಬೇಟರಿನಲ್ಲಿ ಸಿದ್ಧವಿದ್ದವು. ಅವತ್ತೇ ಅವುಗಳಿಂದ ಇನ್ನೊಂದು ಸುತ್ತು ಮಾಡಿ, ಬ್ಲೀಚ್ ಹಾಕದೆ ಮೂರೂ ನೀರನ್ನು ಹಿಡಿದು, ಬ್ಯಾಕ್ಟೀರಿಯಾ ಬೆಳೆಯುವ ತಟ್ಟೆಗಳ ಮೇಲೆ ಸವರಿ ಇಟ್ಟೆವು. ಶನಿವಾರ ಬೆಳಿಗ್ಗೆ ತೆರೆದರೆ, ರವೆ ಚೆಲ್ಲಿದ ಹಾಗೆ ತಟ್ಟೆ ತುಂಬ ಬೆಳೆದಿದ್ದವು. ಒಂದೂ ಸತ್ತಿರಲಿಲ್ಲವೇನೋ ಅನ್ನಿಸಿತು.

ಸೋಮವಾರ ಮುಖ್ಯಸ್ಥರು ಗಡಿಯಾರ ನೋಡಿಕೊಂಡು, "ಒಂದೇ ಮಾತಲ್ಲಿ ಹೇಳಿ. ಕೆಲ್ಸ ಮಾಡುತ್ತಾ, ಇಲ್ವಾ?" ಎಂದರು.

"ಮಾಡುತ್ತೆ ಸಾರ್. ಅದಕ್ಕೇ ಕೊಡಬಾರದು."

ಅಕ್ಕನ ಅಂಕಿಗಳ ಚೆಂದದ ಚಿತ್ರಗಳನ್ನು ತೋರಿಸಿ ಅವು ಯಾಕೆ ತಪ್ಪು ಎಂದು ಹೇಳಿದೆ. ಆಮೇಲೆ ಹೊಸದನ್ನು, ಕೊನೆಗೆ ರವೆ ಚೆಲ್ಲಿದಂತಿದ್ದ ಆ ತಟ್ಟೆಗಳನ್ನು. ಅವರು ಒಂದು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನೀವು ಸುಮ್ನೆ ಹೂಂ ಅಂದಿದ್ರೆ ನಾನೂ ಹೂಂ ಅಂತಿದ್ದೆ" ಎಂದರು ಕೊನೆಗೆ. ಅದು ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಮದ್ದು ಮುಂದಕ್ಕೆ ಹೋಗಲಿಲ್ಲ. ಕೋಣೆಯನ್ನು ಮಾತ್ರ ಆರು ತಿಂಗಳಿಗೆ ನಮಗೇ ಬಿಟ್ಟರು.

ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ನೀರನ್ನು ಒಳಕ್ಕೆ ತಳ್ಳುವ ಬದಲು ಸಿರಿಂಜಿನಿಂದ ಹೊರಕ್ಕೆ ಎಳೆದರೆ ಹೇಗೆ ಎಂದು ಅವರೇ ಕೇಳಿದರು. ಹಾಗೆ ಎಳೆದರೆ ಎಲ್ಲ ಬರುತ್ತದೆಯೋ, ಅರ್ಧ ಒಳಗೆ ಜಾರುತ್ತದೆಯೋ, ನನಗೆ ಗೊತ್ತಿರಲಿಲ್ಲ, ಹಾಗೇ ಹೇಳಿದೆ. "ಸರಿ, ಗೊತ್ತಾದಾಗ ಹೇಳಿ" ಎಂದು ಇಟ್ಟುಬಿಟ್ಟರು. ಚಾಲಕನ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ವಾರಕ್ಕೆ ಐಸ್ ಪೆಟ್ಟಿಗೆ ಬಂತು. ಕೊಳವೆಯ ಜೊತೆಗಿದ್ದ ಚೀಟಿಯಲ್ಲಿ ಹೆಸರಿರುವುದಿಲ್ಲ, ಯಾವ ಜಾಗದಿಂದ ತೆಗೆದದ್ದು ಎಂದು ಇರುತ್ತದೆ. ಕತ್ತು, ಎಡಗಡೆ ಎಂದಿತ್ತು. ಕೆಳಗೆ ಡಾಕ್ಟರ ಕೈಬರಹ: ಹೊಸದನ್ನು ತೊಡೆಗೆ ಹಾಕಿದ್ದೇವೆ. ಅದು ಆ ಚಾಲಕನದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಚೀಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿದೆ. ಅಳು ಬಂತು.

"ಇದನ್ನ ಎಷ್ಟು ಸಲ ತೊಳೀಲಿ ಮೇಡಂ?" ಎಂದರು ಅಕ್ಕ.

"ಗೊತ್ತಿಲ್ಲ ಅಕ್ಕ" ಎಂದೆ. ಆ ಕೋಣೆಯಲ್ಲಿ ಅಷ್ಟು ನೇರವಾಗಿ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಅಕ್ಕ ಕಪಾಟಿನಿಂದ ಮೂರು ಖಾಲಿ ಬಾಟಲಿ ತಂದು ಟಬ್ಬಿನ ಪಕ್ಕ ಸಾಲಾಗಿ ಇಟ್ಟರು. ನಾನು ಹೇಳಿರಲಿಲ್ಲ. ಮುಚ್ಚಳ ತೆಗೆದು ಒಂದೊಂದರ ಮೇಲೂ ಬರೆದರು, ಕೆಂಪು ಶಾಯಿಯಲ್ಲಿ: ಒಂದನೇ ನೀರು, ಎರಡನೇ ನೀರು, ಮೂರನೇ ನೀರು.